ಕಾರಿನಲ್ಲಿ ಅಮ್ಮನ ಮಡಿಲು ಏಕೆ ಸಾಲದು?

ಮಕ್ಕಳೇ, ನೀವು ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿರುತ್ತೀರಿ ಅಲ್ಲವೇ? ಬಸ್ಸು ವೇಗವಾಗಿ ಹೋಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಹಸುವೊಂದು ರಸ್ತೆಗೆ ಅಡ್ಡ ಬರುತ್ತದೆ. ಚಾಲಕರು ಬ್ರೇಕು ಒತ್ತುತ್ತಾರೆ. ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುತ್ತಾರೆ. ಹಿಂದಿನಿಂದ ಯಾರೂ ತಳ್ಳಲಿಲ್ಲ. ಹಾಗಾದರೆ ಹೀಗೇಕೆ ಆಯಿತು?

ಚಲಿಸುತ್ತಿರುವ ವಸ್ತು ಚಲಿಸುತ್ತಲೇ ಇರಲು ಬಯಸುತ್ತದೆ. ಬೇರೊಂದು ಬಲ ತಡೆಯುವವರೆಗೆ ಅದು ನಿಲ್ಲುವುದಿಲ್ಲ. ಈ ಗುಣವೇ ಜಡತ್ವ. ಬ್ರೇಕು ನಿಲ್ಲಿಸಿದ್ದು ಬಸ್ಸನ್ನು, ನಿಮ್ಮನ್ನಲ್ಲ. ನಿಮ್ಮ ದೇಹ ಬಸ್ಸಿನ ಹಳೆಯ ವೇಗದಲ್ಲಿಯೇ ಮುಂದೆ ಸಾಗಿತು. ಕಂಬಿಯೋ ಮುಂದಿನ ಸೀಟೋ ನಿಮ್ಮನ್ನು ತಡೆಯಿತು.

ಈಗ ಒಂದು ಪ್ರಶ್ನೆ. ಮದುವೆಗೆಂದು ಮನೆಯವರೆಲ್ಲ ಕಾರಿನಲ್ಲಿ ಹೊರಟಿದ್ದೀರಿ. ನಿಮ್ಮ ಪುಟ್ಟ ತಂಗಿ ಅಮ್ಮನ ಮಡಿಲಲ್ಲಿದ್ದಾಳೆ. ಅಮ್ಮ ಎರಡೂ ಕೈಗಳಿಂದ ಗಟ್ಟಿಯಾಗಿ ಹಿಡಿದಿದ್ದಾರೆ. ಕಾರು ಯಾವುದಕ್ಕಾದರೂ ಡಿಕ್ಕಿ ಹೊಡೆದರೆ ಆ ಹಿಡಿತ ಸಾಕಾದೀತೇ? ಊಹಿಸುವುದು ಬೇಡ, ಲೆಕ್ಕ ಹಾಕಿ ನೋಡೋಣ.

ಲೆಕ್ಕ ಏನು ಹೇಳುತ್ತದೆ?

ಕಾರಿನ ವೇಗ ಗಂಟೆಗೆ 50 ಕಿ.ಮೀ. ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಮಗುವಿನ ತೂಕ 10 ಕಿಲೋಗ್ರಾಂ. ಗೋಡೆಗೆ ಗುದ್ದಿದ ಕಾರು ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಬಿಡುತ್ತದೆ. ಅಷ್ಟೇ ಸಮಯದಲ್ಲಿ ಮಗುವನ್ನೂ ನಿಲ್ಲಿಸಬೇಕು.

14 ಮೀಟರ್ ವೇಗ 0.1 ಸೆಕೆಂಡಿನಲ್ಲಿ ಸೊನ್ನೆಯಾಗಬೇಕಾದರೆ ವೇಗ ಇಳಿಯುವ ದರ 14 ÷ 0.1 = 140. ಇದನ್ನು ಮಗುವಿನ ರಾಶಿಯಿಂದ ಗುಣಿಸಿದರೆ 10 × 140 = 1400 ನ್ಯೂಟನ್ ಬಲ. ಒಂದು ಕಿಲೋಗ್ರಾಂ ವಸ್ತುವನ್ನು ಎತ್ತಿ ಹಿಡಿಯಲು ಸುಮಾರು 10 ನ್ಯೂಟನ್ ಬಲ ಬೇಕು. ಹಾಗಾದರೆ 1400 ನ್ಯೂಟನ್ ಎಂದರೆ 140 ಕಿಲೋಗ್ರಾಂ ಹಿಡಿದಂತೆ! 50 ಕಿಲೋಗ್ರಾಮಿನ ಅಕ್ಕಿ ಮೂಟೆಗಳನ್ನು ನೆನೆಸಿಕೊಳ್ಳಿ. ಹೆಚ್ಚುಕಡಿಮೆ ಅಂಥ ಮೂರು ಮೂಟೆಗಳನ್ನು ತಟ್ಟನೆ ತಡೆಯಬೇಕು. ಯಾವ ತಾಯಿಗೂ, ಯಾವ ಪೈಲ್ವಾನನಿಗೂ ಅದು ಸಾಧ್ಯವಿಲ್ಲ. ಇದು ಪ್ರೀತಿಯ ಕೊರತೆಯಲ್ಲ, ಭೌತವಿಜ್ಞಾನದ ನಿಯಮ.

ಇನ್ನೊಂದು ಅಪಾಯವೂ ಇದೆ. ಅಮ್ಮ ಬೆಲ್ಟು ಹಾಕಿಕೊಂಡಿರದಿದ್ದರೆ ಅವರೂ ಮುಂದಕ್ಕೆ ಎಸೆಯಲ್ಪಡುತ್ತಾರೆ. ಮಗು ಅವರ ಮತ್ತು ಮುಂದಿನ ಸೀಟಿನ ನಡುವೆ ಸಿಕ್ಕಿಕೊಳ್ಳುತ್ತದೆ. ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟು ಹಾಕುವುದೂ ತಪ್ಪು. ಆಗ ಬೆಲ್ಟಿಗೂ ದೊಡ್ಡವರಿಗೂ ನಡುವೆ ಮಗು ಅಪ್ಪಚ್ಚಿಯಾಗುತ್ತದೆ.

ಒಂದು ಕಾಯಿದೆಯ ಕಥೆ

ಅಮೆರಿಕದ ಟೆನೆಸಿ ರಾಜ್ಯದಲ್ಲಿ ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರಿದ್ದರು. ಮಕ್ಕಳಿಗೆ ಕಾರಿನಲ್ಲಿ ಬೇರೆಯೇ ಸೀಟು ಇರಬೇಕೆಂದು ಅವರು ಶಾಸಕರ ಬೆನ್ನು ಹತ್ತಿದರು. ಕೊನೆಗೆ ಕಾಯಿದೆ ಬಂತು. 1978ರ ಜನವರಿ 1ರಿಂದ 4 ವರ್ಷದೊಳಗಿನ ಮಕ್ಕಳಿಗೆ ಅದು ಅನ್ವಯವಾಯಿತು. ಅಮೆರಿಕದ ರಾಜ್ಯಗಳಲ್ಲಿ ಇಂಥ ಕಾಯಿದೆ ತಂದದ್ದು ಟೆನೆಸಿಯೇ ಮೊದಲು.

ಆದರೆ ಕಾಯಿದೆಯಲ್ಲಿ ಒಂದು ರಿಯಾಯಿತಿಯೂ ಸೇರಿಕೊಂಡಿತ್ತು. ಮಗುವನ್ನು ದೊಡ್ಡವರು ತೋಳಿನಲ್ಲಿ ಹಿಡಿದು ಕುಳಿತರೆ ಸೀಟು ಬೇಡ ಎಂಬುದು ಆ ರಿಯಾಯಿತಿ. ನಾವು ಮಾಡಿದ ಲೆಕ್ಕವನ್ನು ನೆನಪಿಸಿಕೊಂಡರೆ ಇದು ಎಷ್ಟು ಅಪಾಯಕರ ಎಂದು ನಿಮಗೇ ಗೊತ್ತಾಗುತ್ತದೆ. ಸ್ಯಾಂಡರ್ಸ್ ಸುಮ್ಮನಾಗಲಿಲ್ಲ. 1981ರಲ್ಲಿ ಆ ರಿಯಾಯಿತಿ ರದ್ದಾಯಿತು. 1985ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇಂಥ ಕಾಯಿದೆಗಳು ಬಂದಿದ್ದವು.

ಬೆನ್ನು ಮುಂದಕ್ಕೆ, ಮುಖ ಹಿಂದಕ್ಕೆ!

ಎಳೆಯ ಮಕ್ಕಳ ಸೀಟು ನೋಡಿದರೆ ನಿಮಗೆ ಆಶ್ಚರ್ಯವಾಗಬಹುದು. ಅದರಲ್ಲಿ ಮಗು ಕಾರಿನ ಹಿಂಬದಿಗೆ ಮುಖ ಮಾಡಿ ಕೂರುತ್ತದೆ. ಏಕೆ ಗೊತ್ತೇ?

ಹುಟ್ಟಿದ ಮಗುವಿನ ತಲೆ ಅದರ ಉದ್ದದ ಕಾಲು ಭಾಗದಷ್ಟಿರುತ್ತದೆ. ದೊಡ್ಡವರಲ್ಲಿ ತಲೆ ಎಂಟನೇ ಒಂದು ಭಾಗ ಮಾತ್ರ. ಮಗುವಿಗೆ ತಲೆ ಭಾರ, ಕುತ್ತಿಗೆ ಎಳೆಯದು. ಮಗು ಮುಂದಕ್ಕೆ ಮುಖ ಮಾಡಿದ್ದಾಗ ಡಿಕ್ಕಿಯಾದರೆ ಪಟ್ಟಿಗಳು ಮೈಯನ್ನು ಹಿಡಿಯುತ್ತವೆ, ತಲೆ ಮಾತ್ರ ಮುಂದಕ್ಕೆ ಜಗ್ಗುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿಗೆ ಒತ್ತಿಕೊಳ್ಳುತ್ತವೆ. ಬಲ ಇಡೀ ಬೆನ್ನಿಗೆ ಹಂಚಿಹೋಗುತ್ತದೆ.

ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಇಂಥ ಸೀಟಿನ ಮೊದಲ ಮಾದರಿಯನ್ನು ರೂಪಿಸಿದರು. 1964ರಲ್ಲಿ ಅದರ ಪರೀಕ್ಷೆ ನಡೆಯಿತು. ಅಮೆರಿಕದ ಜೆಮಿನಿ ಗಗನನೌಕೆಯ ಸೀಟುಗಳು ಅವರಿಗೆ ಈ ಯೋಚನೆ ಕೊಟ್ಟವು. ರಾಕೆಟ್ಟು ಮೇಲೇರುವಾಗ ಉಂಟಾಗುವ ಭಾರೀ ಬಲವನ್ನು ಗಗನಯಾನಿಗಳು ಬೆನ್ನಿನಿಂದ ತಡೆದುಕೊಳ್ಳುತ್ತಾರೆ. ಅದೇ ಉಪಾಯ ಮಗುವಿಗೂ ಒದಗಿತು.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಚಕ್ರವಿರುವ ಆಟಿಕೆ ಗಾಡಿ, ಮೆತ್ತನೆಯ ಜೇಡಿಮಣ್ಣು, ಹಲಗೆ, ಇಟ್ಟಿಗೆ, ದಾರ, ಒಂದು ಬೆರಳು ಅಗಲದ ಬಟ್ಟೆಯ ಪಟ್ಟಿ, ರಟ್ಟಿನ ತುಂಡು.

ಹಲಗೆಯನ್ನು ಇಳಿಜಾರಾಗಿ ಇಡಿ. ಕೆಳತುದಿಯ ಮುಂದೆ ಇಟ್ಟಿಗೆ ಇಡಿ. ಮಣ್ಣಿನಿಂದ ಗೊಂಬೆ ಮಾಡಿ ಗಾಡಿಯಲ್ಲಿ ಕೂರಿಸಿ ಮೇಲಿನಿಂದ ಬಿಡಿ. ಗೊಂಬೆ ಏನಾಯಿತು? ಎರಡನೇ ಸಲ ಗೊಂಬೆಯನ್ನು ದಾರದಿಂದ ಗಾಡಿಗೆ ಕಟ್ಟಿ ಬಿಡಿ. ಮೂರನೇ ಸಲ ಬಟ್ಟೆಯ ಪಟ್ಟಿಯಿಂದ ಕಟ್ಟಿ. ದಾರದ ಗುರುತು ಆಳವೋ, ಪಟ್ಟಿಯ ಗುರುತು ಆಳವೋ ಗಮನಿಸಿ. ಕೊನೆಯ ಸಲ ರಟ್ಟನ್ನು ಗಾಡಿಯ ಮುಂಭಾಗಕ್ಕೆ ಭದ್ರವಾಗಿ ಕಟ್ಟಿ, ಗೊಂಬೆಯ ಬೆನ್ನು ಅದಕ್ಕೆ ಒರಗುವಂತೆ ಕೂರಿಸಿ. ಸೀಟು ಬೆಲ್ಟು ಅಗಲವಾಗಿ ಏಕಿದೆ ಎಂದು ನೀವೇ ಹೇಳಬಲ್ಲಿರಿ.

ಯಾವ ವಯಸ್ಸಿಗೆ ಯಾವ ಸೀಟು?

• ಎಳೆಯ ಮಕ್ಕಳಿಗೆ ಹಿಮ್ಮುಖ ಸೀಟು. ವಿಶ್ವಸಂಸ್ಥೆಯ ಆರ್-129 ನಿಯಮದ ಪ್ರಕಾರ ಕನಿಷ್ಠ 15 ತಿಂಗಳವರೆಗೆ ಇದು ಬೇಕು. ಸೀಟಿನ ಅಳತೆ ಹೊಂದುವವರೆಗೆ ಮುಂದುವರಿಸಿದರೆ ಇನ್ನೂ ಒಳ್ಳೆಯದು.
• ಅನಂತರ ಎರಡೂ ಭುಜಗಳ ಮೇಲೆ ಪಟ್ಟಿಗಳಿರುವ ಮುಮ್ಮುಖ ಸೀಟು.
• ಅದೂ ಚಿಕ್ಕದಾದಾಗ ಬೂಸ್ಟರ್ ಸೀಟು. ಇದು ಮಗುವನ್ನು ಎತ್ತರಕ್ಕೆ ಕೂರಿಸಿ ಕಾರಿನ ಬೆಲ್ಟು ಸರಿಯಾದ ಜಾಗಕ್ಕೆ ಬರುವಂತೆ ಮಾಡುತ್ತದೆ.

ಬೂಸ್ಟರ್ ಎಲ್ಲಿಯವರೆಗೆ? ಕೆಲವು ದೇಶಗಳು 135 ಸೆಂ.ಮೀ. ಎತ್ತರದವರೆಗೆ ಎನ್ನುತ್ತವೆ, ಕೆಲವು 150 ಸೆಂ.ಮೀ.ವರೆಗೆ ಎನ್ನುತ್ತವೆ. ನಿಮ್ಮ ಎತ್ತರ ಎಷ್ಟು? ತರಗತಿಯ ಗೋಡೆಯ ಮೇಲೆ ಗುರುತು ಹಾಕಿ ಅಳೆಯಿರಿ. ಬೆಲ್ಟು ಭುಜದ ನಡುಭಾಗದ ಮೇಲೆ ಮತ್ತು ಸೊಂಟದ ಮೂಳೆಗಳ ಮೇಲೆ ಹಾದುಹೋಗಬೇಕು. ಕುತ್ತಿಗೆಯ ಮೇಲೆ ಅಥವಾ ಹೊಟ್ಟೆಯ ಮೇಲೆ ಬಂದರೆ ನಿಮಗಿನ್ನೂ ಬೂಸ್ಟರ್ ಬೇಕು ಎಂದರ್ಥ.

ಕೂರಿಸುವಾಗ ಎಚ್ಚರ

ಒಳ್ಳೆಯ ಸೀಟನ್ನೂ ಸಡಿಲವಾಗಿ ಕಟ್ಟಿದರೆ ಪ್ರಯೋಜನವಿಲ್ಲ. ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಸೀಟನ್ನು ಎಳೆದು ನೋಡಬೇಕು. ಅದು 2.5 ಸೆಂ.ಮೀ.ಗಿಂತ ಹೆಚ್ಚು ಅಲುಗಬಾರದು. ಮಗುವಿನ ಭುಜದ ಮೇಲಿನ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿದರೆ ಮಡಿಕೆ ಸಿಗಬಾರದು. ಸಿಕ್ಕರೆ ಪಟ್ಟಿ ಸಡಿಲವಾಗಿದೆ. ದಪ್ಪ ಸ್ವೆಟರ್ ಹಾಕಿಸಿ ಪಟ್ಟಿ ಬಿಗಿಯಬಾರದು. ಪಟ್ಟಿ ಕಟ್ಟಿದ ಮೇಲೆ ಹೊದಿಸಬಹುದು.

ಏರ್‌ಬ್ಯಾಗು ಇರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಸೀಟನ್ನು ಇಡಲೇಬಾರದು. ಏರ್‌ಬ್ಯಾಗು ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ ಮಗುವಿನ ತಲೆಯ ಹಿಂಬದಿಗೆ ಬಲವಾಗಿ ಬಡಿಯುತ್ತದೆ. ಮಕ್ಕಳಿಗೆ ಹಿಂದಿನ ಸೀಟೇ ಕ್ಷೇಮ. ಸೀಟು ದುಬಾರಿ, ನಿಜ. ಪರಿಚಿತರು ಬಳಸಿದ್ದನ್ನು ಪಡೆಯಬಹುದು. ಆದರೆ ಅಪಘಾತಕ್ಕೆ ಸಿಕ್ಕಿದ ಸೀಟು ಮಾತ್ರ ಬೇಡ.

ನಮ್ಮ ದೇಶದ ಕಾಯಿದೆ

2019ರಲ್ಲಿ ನಮ್ಮ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿಯಾಯಿತು. 14 ವರ್ಷದೊಳಗಿನ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಸೀಟಿನ ರಕ್ಷಣೆ ಇಲ್ಲದೆ ವಾಹನ ಚಲಾಯಿಸಿದರೆ ದಂಡ ತೆರಬೇಕು.

ನಿಮ್ಮ ಮನೆಯಲ್ಲಿ ಕಾರು ಇಲ್ಲದಿರಬಹುದು, ಬೈಕು ಇರಬಹುದು. ಜಡತ್ವಕ್ಕೆ ಕಾರು, ಬೈಕು ಎಂಬ ಭೇದವಿಲ್ಲ. ಆದ್ದರಿಂದ 2022ರಲ್ಲಿ ಬೈಕಿಗೂ ನಿಯಮ ರೂಪಿಸಲಾಯಿತು. 4 ವರ್ಷದೊಳಗಿನ ಮಗುವನ್ನು ಸುರಕ್ಷಾ ಪಟ್ಟಿಯಿಂದ ಚಾಲಕರಿಗೆ ಜೋಡಿಸಬೇಕು. 9 ತಿಂಗಳು ದಾಟಿದ ಮಗುವಿಗೆ ಅಳತೆಗೆ ಸರಿಯಾದ ಹೆಲ್ಮೆಟ್ ಬೇಕು. ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. 4 ವರ್ಷ ದಾಟಿದ ಎಲ್ಲರಿಗೂ, ನಿಮಗೂ ಸೇರಿ, ಹೆಲ್ಮೆಟ್ ಕಡ್ಡಾಯ.

ಮುಂದಿನ ಸಲ ಕಾರು ಹತ್ತಿದಾಗ ಮೊದಲು ನಿಮ್ಮ ಬೆಲ್ಟು ಹಾಕಿಕೊಳ್ಳಿ. ಅನಂತರ ಪುಟ್ಟ ತಂಗಿ ಎಲ್ಲಿ ಕುಳಿತಿದ್ದಾಳೆ ನೋಡಿ. "ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ ಬಿಡು" ಎಂದು ಅಮ್ಮ ಹೇಳಿದರೆ, ಮೂರು ಅಕ್ಕಿ ಮೂಟೆಗಳ ಲೆಕ್ಕವನ್ನು ಅವರಿಗೂ ಹೇಳುತ್ತೀರಿ ಅಲ್ಲವೇ?