ವೈದ್ಯನ ಯೋಗ್ಯೆ

ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಶಾಸ್ತ್ರವನ್ನು ಓದಿ ಮುಗಿಸಿದ ಶಿಷ್ಯನಿಗಾಗಿಯೇ ಮೀಸಲಾದುದು. ಛೇದನವನ್ನು ಬೂದುಗುಂಬಳ, ಸೋರೆ, ಸೌತೆಗಳ ಮೇಲೆ, ಸಿರಾವ್ಯಧವನ್ನು ಸತ್ತ ಪಶುವಿನ ರಕ್ತನಾಳದಲ್ಲಿಯೂ ನೈದಿಲೆಯ ದಂಟಿನಲ್ಲಿಯೂ, ವ್ರಣದ ಆಳವನ್ನು ಅರಸುವ ಕೌಶಲವನ್ನು ಹುಳು ತಿಂದ ಮರದಲ್ಲಿ, ಕಟ್ಟು ಕಟ್ಟುವುದನ್ನು ಬಟ್ಟೆಯ ಮನುಷ್ಯಾಕೃತಿಯ ಅಂಗಾಂಗಗಳ ಮೇಲೆ ಅಭ್ಯಸಿಸತಕ್ಕದ್ದೆಂದು ಅಲ್ಲಿ ವಿಧಿಸಿದೆ. ಈ ಅಭ್ಯಾಸಕ್ಕೆ ಅಲ್ಲಿರುವ ಹೆಸರು ‘ಯೋಗ್ಯಾ’. ನೈದಿಲೆಯ ದಂಟನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಆ ಆಯ್ಕೆಯ ಸೂಕ್ಷ್ಮವು ತಿಳಿಯದಿರದು: ಹೊರಗೆ ನವಿರಾದ ಸಿಪ್ಪೆ, ಒಳಗೆ ಟೊಳ್ಳು, ಮೊನೆಯನ್ನು ತುಸು ಹೆಚ್ಚು ಒತ್ತಿದರೆ ಅದು ಆಚೆಯ ಬದಿಯನ್ನೂ ತೂರಿ ಹೋಗುವುದು. ಆದರೆ ನೋಯುವವರಾರೂ ಅಲ್ಲಿಲ್ಲ.

ಕೈ ತಪ್ಪಿದರೂ ಯಾರ ಪ್ರಾಣಕ್ಕೂ ಹಾನಿಯಾಗದ ಇಂಥ ಎಡೆಯೊಂದನ್ನು ಅರಸುತ್ತಲೇ ವೈದ್ಯಶಿಕ್ಷಣವು ಬಹುದೂರ ನಡೆದು ಬಂದಿದೆ. ಹದಿನೆಂಟನೆಯ ಶತಮಾನದಲ್ಲಿ, ಫ್ರಾನ್ಸಿನ ಹದಿನೈದನೆಯ ಲೂಯಿ ದೊರೆಯ ಅಪ್ಪಣೆ ಪಡೆದು ಊರೂರು ಸುತ್ತಿ ಸೂಲಗಿತ್ತಿಯರಿಗೆ ಪಾಠ ಹೇಳಿದ ಮದಾಮ್ ದ್ಯು ಕೂದ್ರೇ, ಬಟ್ಟೆ ತೊಗಲುಗಳಿಂದ ಗರ್ಭಿಣಿಯ ಕಟಿಭಾಗವನ್ನೂ ಶಿಶುವನ್ನೂ ರಚಿಸಿ ಅದರ ಮೇಲೆ ಹೆರಿಗೆಯನ್ನು ಕಲಿಸಿದಳು. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್, ಉಸಿರೂದಿ ಬದುಕಿಸುವ ವಿಧಾನವನ್ನು ಕಲಿಸಲು ‘ಆನ್’ ಎಂಬ ಬೊಂಬೆಯನ್ನು ಹೊರತಂದನು. ಆ ದಶಕ ಮುಗಿಯುವುದರೊಳಗೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಏಬ್ರಹಾಮ್‌ಸನ್, ಡೆನ್ಸನ್ ಎಂಬಿಬ್ಬರು ನಿರ್ಮಿಸಿದ ‘ಸಿಮ್ ಒನ್’ ಎದೆಯಾಡಿಸಿತು, ಕಣ್ಣಾಲಿಯನ್ನು ಹಿಗ್ಗಿಸಿ ಕುಗ್ಗಿಸಿತು, ಕೊಟ್ಟ ಮದ್ದಿಗೆ ತಕ್ಕ ವಿಕಾರವನ್ನೂ ತೋರಿತು. ಅದ್ಭುತವೇ ಸರಿ; ಆದರೆ ವೈದ್ಯನು ತನ್ನ ರೋಗಿಗಳನ್ನು ಬಿಟ್ಟು ಅದಿರುವಲ್ಲಿಗೇ ಹೋಗಬೇಕಾಗಿತ್ತು.

ಆ ದೂರವನ್ನು ಕಳೆಯಲು ನಡೆದ ಯತ್ನಗಳಲ್ಲಿ ನನಗೆ ಅತ್ಯಂತ ಹೃದ್ಯವೆನಿಸಿರುವುದು 1972ರದು. ಅಮೆರಿಕದ ರಾಷ್ಟ್ರೀಯ ವೈದ್ಯಗ್ರಂಥಾಲಯಕ್ಕೆ ಸೇರಿದ ಲಿಸ್ಟರ್ ಹಿಲ್ ಕೇಂದ್ರವು, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಮತ್ತು ಓಹಾಯೊ ಸ್ಟೇಟ್, ಇಲಿನಾಯ್ ವಿಶ್ವವಿದ್ಯಾಲಯಗಳ ಗಣಕಯಂತ್ರಗಳಲ್ಲಿದ್ದ ಪಾಠಗಳನ್ನು ದೂರವಾಣಿಯ ತಂತಿಯ ಮೂಲಕ ದೇಶದ ಇತರ ವೈದ್ಯಸಂಸ್ಥೆಗಳಿಗೆ ತೆರೆದಿಟ್ಟಿತು. ಬಾಸ್ಟನ್ನಿನಲ್ಲಿ ಆಕ್ಟೋ ಬಾರ್ನೆಟ್ಟರ ಪ್ರಯೋಗಾಲಯವು ಹೆಣೆದ ಪಾಠಗಳಲ್ಲಿ ರೋಗಿಯು ಇದ್ದುದು ಬರಿಯ ಅಕ್ಷರಗಳಲ್ಲಿ. ಚಿತ್ರವಿಲ್ಲ, ದನಿಯಿಲ್ಲ. ಎಲ್ಲಿಯೋ ದೂರದ ಆಸ್ಪತ್ರೆಯಲ್ಲಿ, ಬೆರಳಚ್ಚಿನ ಯಂತ್ರದಂಥ ಉಪಕರಣದ ಮುಂದೆ ಕುಳಿತ ವೈದ್ಯನು ರೋಗಿಯ ವೃತ್ತಾಂತವನ್ನು ಓದಿ, ಕೇಳಬೇಕಾದುದನ್ನು ಕೇಳಿ, ತನಗೆ ತೋಚಿದ ಚಿಕಿತ್ಸೆಯನ್ನು ಕೀಲಿಗಳಲ್ಲಿ ಒತ್ತಿದನೆಂದರೆ, ಆ ಚಿಕಿತ್ಸೆಯ ಫಲವು, ಒಳಿತಾಗಲಿ ಕೆಡುಕಾಗಲಿ, ಸಾಲುಸಾಲಾಗಿ ಅವನ ಕಣ್ಣೆದುರಿಗೇ ಮೂಡುತ್ತಿತ್ತು. ತಾನು ಮಾಡಿದುದರ ಫಲವನ್ನು ತಾನೇ ಕಾಣುವ ಈ ಅನುಭವವನ್ನು ಎಂಥ ವಾಗ್ಮಿಯ ಉಪನ್ಯಾಸವೂ ಕೊಡಲಾರದು. ಸರ್ಕಾರದ ನೆರವು ನಿಂತ ಮೇಲೆ ಬಳಸುವವರೇ ವೆಚ್ಚ ಹೊತ್ತು ಆ ಜಾಲವನ್ನು ಉಳಿಸಿಕೊಂಡರೆಂಬುದೇ ಅದರ ಬೆಲೆಗೆ ಸಾಕ್ಷಿ.

ಮುಂದಿನದು ಓದುಗರು ಬಲ್ಲ ಕಥೆ. ಅಂತರ್ಜಾಲ ಬಂದಿತು, ಅಕ್ಷರದ ರೋಗಿಗೆ ಮುಖವೂ ಮಾತೂ ಬಂದುವು. 2020ರಲ್ಲಿ ಕೊರೋನಾ ಸಭೆಗಳನ್ನೆಲ್ಲ ಮುಚ್ಚಿಸಿದಾಗ ವೈದ್ಯರ ಕಲಿಕೆಗೆ ಪರದೆಯೇ ಆಸರೆಯಾಯಿತು. ಪರದೆಯು ಕೈಗೆ ಹದವನ್ನು ಕಲಿಸದು, ಅದಕ್ಕೆ ನೈದಿಲೆಯ ದಂಟೇ ಬೇಕು. ಆದರೆ ಯಾವುದನ್ನು ಮೊದಲು ಮಾಡಬೇಕು, ಯಾವುದಕ್ಕಾಗಿ ಕಾಯಬಾರದು ಎಂಬ ವಿವೇಚನೆಯನ್ನು ಅದು ನಿಶ್ಚಯವಾಗಿ ಕಲಿಸಬಲ್ಲುದು.

ನಮ್ಮ ದೇಶದಲ್ಲಿ ವೈದ್ಯನಾದವನು ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆ ನಿರಂತರ ವೈದ್ಯಶಿಕ್ಷಣದಲ್ಲಿ ಪಾಲ್ಗೊಳ್ಳಬೇಕೆಂದು ಭಾರತೀಯ ವೈದ್ಯಪರಿಷತ್ತು 2002ರ ನಿಯಮಾವಳಿಯಲ್ಲಿ ಹೇಳಿತು. ಸಭಾಂಗಣದಲ್ಲಿ ಸುಮ್ಮನೆ ಕುಳಿತು ಕೇಳಿದರೂ ಗಂಟೆಯು ಲೆಕ್ಕಕ್ಕೆ ಸೇರುತ್ತದೆ. ವೈದ್ಯಪರಿಷತ್ತುಗಳಲ್ಲಿ ನನ್ನ ಬಿನ್ನಹ ಇಷ್ಟೆ: ಆ 30ರಲ್ಲಿ 10 ಗಂಟೆಯನ್ನಾದರೂ ಯೋಗ್ಯೆಗೆಂದು ಮೀಸಲಿಡಿ; ರಾತ್ರಿಯ ಪಾಳಿಯಲ್ಲಿ ಒಬ್ಬರೇ ಇರುವ ತಾಲ್ಲೂಕು ಆಸ್ಪತ್ರೆಯ ವೈದ್ಯರು, ಹೆರಿಗೆಯ ಬಳಿಕ ನಿಲ್ಲದ ರಕ್ತಸ್ರಾವವನ್ನು ಮೊದಲ ಸಲ ಕಾಣುವುದು ಪರದೆಯ ಮೇಲೆಯೇ ಆಗಲಿ.