ಗಸಗಸೆಗಿಂತ ಸಣ್ಣ ಗಡ್ಡೆಯ ಮೇಲೆ ಔಷಧಿ ಪರೀಕ್ಷೆ

‘ಹೊಸ ಔಷಧಿ ಕ್ಯಾನ್ಸರ್ ಕೋಶಗಳನ್ನು ಕೊಂದಿತು’ ಅನ್ನೋ ಸುದ್ದಿ ನಮ್ಮ ಫ್ಯಾಮಿಲಿ ಗ್ರೂಪ್‌ಗೆ ತಿಂಗಳಿಗೊಂದಾದರೂ ಬರುತ್ತೆ. ಫಾರ್ವರ್ಡ್ ಮಾಡುವ ಮುಂಚೆ ನಾನು ನೋಡೋದು ಒಂದೇ: ಆ ಕೋಶಗಳು ಎಲ್ಲಿದ್ದವು? ಹೆಚ್ಚಿನ ಸಲ, ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ದೋಸೆ ಹಿಟ್ಟಿನಂತೆ ತೆಳ್ಳಗೆ ಹರಡಿಕೊಂಡಿದ್ದವು.

ದೇಹದೊಳಗಿನ ಗಡ್ಡೆ ಹಾಗಿರಲ್ಲ, ಅದು ಉಂಡೆ. ರಕ್ತನಾಳದಿಂದ ಆಮ್ಲಜನಕ ಹೆಚ್ಚೆಂದರೆ 100ರಿಂದ 200 ಮೈಕ್ರಾನ್ ದೂರ ತಲುಪುತ್ತೆ. ಅದಕ್ಕಿಂತ ಒಳಗಿನ ಕೋಶಗಳು ಸೊರಗಿ, ವಿಭಜನೆ ನಿಲ್ಲಿಸಿ ಸುಮ್ಮನೆ ಕೂರುತ್ತವೆ. ಬಹಳಷ್ಟು ಕೀಮೋ ಔಷಧಿಗಳು ಕೊಲ್ಲುವುದು ವಿಭಜನೆಯಾಗುತ್ತಿರುವ ಕೋಶಗಳನ್ನು. ಸುಮ್ಮನೆ ಕೂತವು ಬದುಕಿಕೊಳ್ಳುತ್ತವೆ! ತಟ್ಟೆಯಲ್ಲಿ ಇಂಥ ಅಡಗುತಾಣವೇ ಇಲ್ಲ. ಸ್ಟೇಜಿಂಗ್‌ನಲ್ಲಿ ಓಡಿದ ಕೋಡ್ ಪ್ರೊಡಕ್ಷನ್‌ನಲ್ಲಿ ಬೀಳೋದನ್ನ ನೋಡಿರೋ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತೆ. ಮನುಷ್ಯರ ಮೇಲಿನ ಪ್ರಯೋಗದವರೆಗೆ ಬಂದ ಕ್ಯಾನ್ಸರ್ ಔಷಧಿಗಳಲ್ಲೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಾರುಕಟ್ಟೆ ಮುಟ್ಟುವುದಿಲ್ಲ. ತಟ್ಟೆಯೊಂದೇ ಕಾರಣವಲ್ಲ, ಆದರೆ ಅದರ ಪಾಲೂ ಇದೆ.

ಹಾಗಾದರೆ ಲ್ಯಾಬ್‌ನಲ್ಲೇ ಉಂಡೆ ಕಟ್ಟಬಾರದೇ? ಕಟ್ಟುತ್ತಾರೆ. ಒಂದು ವಿಧಾನವಂತೂ ಅಡುಗೆಮನೆಯಷ್ಟು ಸರಳ. ಕೋಶಗಳಿರುವ ದ್ರವವನ್ನು ಮುಚ್ಚಳದ ಮೇಲೆ ಹನಿಹನಿಯಾಗಿಟ್ಟು, ಮುಚ್ಚಳವನ್ನು ಮಗುಚಿ ತಟ್ಟೆಗೆ ಮುಚ್ಚುವುದು. ನೇತಾಡುವ ಹನಿಯ ತಳದಲ್ಲಿ ಕೋಶಗಳು ಸೇರಿ ತಾವೇ ಉಂಡೆಯಾಗುತ್ತವೆ. ಅದು ಅರ್ಧ ಮಿಲಿಮೀಟರ್ ದಪ್ಪವಾಗುವ ಹೊತ್ತಿಗೆ ಹೊರಪದರ ಬೆಳೆಯುತ್ತಿರುತ್ತೆ, ನಡುವಿನದು ಮಲಗಿರುತ್ತೆ, ತಿರುಳು ಸತ್ತಿರುತ್ತೆ. ಥೇಟ್ ಗಡ್ಡೆಯ ಹಾಗೇ.

ಇನ್ನೊಂದು, ಆರ್ಗನಾಯ್ಡ್. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಹಾನ್ಸ್ ಕ್ಲೆವರ್ಸ್ ತಂಡದ ತೋಶಿರೊ ಸಾಟೊ, ಇಲಿಯ ಕರುಳಿನ ಒಂದೇ ಕಾಂಡಕೋಶದಿಂದ ಪುಟ್ಟ ಕರುಳನ್ನೇ ಬೆಳೆಸಿದರು. ಬೆಳೆಸಿದ್ದು ಮ್ಯಾಟ್ರಿಜೆಲ್ ಎಂಬ ಅಂಟಿನಲ್ಲಿ. ಅದು ಐಸ್ ಮೇಲಿದ್ದರೆ ನೀರು, 37 ಡಿಗ್ರಿಗೆ ಬಂದರೆ ಜೆಲ್ಲಿ. (ತಮಾಷೆಯೆಂದರೆ, ಈ ಅಂಟು ಸಿಗೋದೂ ಇಲಿಯ ಗಡ್ಡೆಯಿಂದಲೇ.) 2015ರ ಹೊತ್ತಿಗೆ ಅದೇ ಬಳಗ ದೊಡ್ಡ ಕರುಳಿನ ಕ್ಯಾನ್ಸರ್‌ನ 20 ರೋಗಿಗಳ ಗಡ್ಡೆಗಳನ್ನು ಹೀಗೆ ಬೆಳೆಸಿ ಒಂದು ಬ್ಯಾಂಕನ್ನೇ ಮಾಡಿತು.

ನಾನು ಇದನ್ನೆಲ್ಲ ಓದಲು ಕೂತದ್ದು ಹಾಸನದ ಚಿಕ್ಕಮ್ಮನಿಂದಾಗಿ. ಅವರಿಗೂ ಅದೇ ಕ್ಯಾನ್ಸರ್. ಮೂರು ತಿಂಗಳ ಕೀಮೋದಲ್ಲಿ ತಣ್ಣೀರು ಮುಟ್ಟಿದರೂ ಬೆರಳು ಜುಮ್ಮೆನ್ನುತ್ತಿತ್ತು. ಆಮೇಲೆ ಸ್ಕ್ಯಾನ್ ಮಾಡಿಸಿದರೆ ಗಡ್ಡೆ ಇನ್ನೂ ದೊಡ್ಡದು. “ಈ ಔಷಧಿ ನಂಗೆ ಹಿಡಿಯಲ್ಲ ಅಂತ ಮೊದಲೇ ಗೊತ್ತಾಗೋ ಹಾಗಿರ್ಲಿಲ್ವೇನೋ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರ ಪ್ರಶ್ನೆಗೆ ತೀರಾ ಹತ್ತಿರದ ಉತ್ತರ ಸಿಕ್ಕಿದ್ದು ಲಂಡನ್ನಿನ 2018ರ ಒಂದು ಅಧ್ಯಯನದಲ್ಲಿ. ಜೀರ್ಣಾಂಗದ ಕ್ಯಾನ್ಸರ್ ಹರಡಿದ್ದ ರೋಗಿಗಳ ಆರ್ಗನಾಯ್ಡ್‌ಗಳಿಗೆ ಅವರಿಗೇ ಕೊಟ್ಟ ಔಷಧಿಗಳನ್ನು ಹಾಕಿ ನೋಡಿದರು. ‘ಕೆಲಸ ಮಾಡುತ್ತೆ’ ಎಂದು ಆರ್ಗನಾಯ್ಡ್ ಹೇಳಿದ್ದು 88% ಸರಿ. ‘ಮಾಡಲ್ಲ’ ಎಂದದ್ದು 100% ಸರಿ. ಅಧ್ಯಯನ ಚಿಕ್ಕದು, ನಿಜ. ಆದರೂ ನನಗೆ ಆ ಎರಡನೇ ಸಂಖ್ಯೆಯೇ ದೊಡ್ಡದಾಗಿ ಕಾಣುತ್ತೆ. ಚಿಕ್ಕಮ್ಮ ಕೇಳಿದ್ದೂ ಅದನ್ನೇ ತಾನೇ?

ಆದರೆ ತೊಡಕುಗಳು ಸಣ್ಣವಲ್ಲ. ಎಲ್ಲರ ಗಡ್ಡೆಯೂ ಲ್ಯಾಬ್‌ನಲ್ಲಿ ಬೆಳೆಯಲ್ಲ, ಬೆಳೆಯುವುದಕ್ಕೂ ವಾರಗಳು ಬೇಕು. ರೋಗಿಗೆ ಅಷ್ಟು ಕಾಯುವ ವ್ಯವಧಾನ ಇರಬೇಕಲ್ಲ! ಸಾಮಾನ್ಯ ಆರ್ಗನಾಯ್ಡ್‌ನಲ್ಲಿ ರಕ್ತನಾಳವಿಲ್ಲ, ರೋಗನಿರೋಧಕ ಕೋಶಗಳೂ ಇಲ್ಲ. ಹಾಗಾಗಿ ಇಮ್ಯುನೋಥೆರಪಿ ಔಷಧಿಗಳ ಬಗ್ಗೆ ಅದು ಹೆಚ್ಚೇನೂ ಹೇಳಲಾರದು.

ಹೊಸ ಔಷಧಿಗಳ ಪರೀಕ್ಷೆಯಲ್ಲಿ ಮಾತ್ರ ದಾರಿ ತೆರೆದಿದೆ. ಪ್ರಾಣಿಗಳ ಬದಲು ಮಾನವ ಕೋಶಗಳ ಮೇಲಿನ ಇಂಥ ಪರೀಕ್ಷೆಗಳಿಗೂ ಅವಕಾಶವಾಗುವಂತೆ ಭಾರತ 2023ರಲ್ಲಿ ನಿಯಮ ತಿದ್ದಿತು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಅಂಡಾಶಯದ ಕ್ಯಾನ್ಸರ್ ಕೋಶಗಳ ಉಂಡೆಗಳ ಮೇಲೆ ಸಂಶೋಧನೆ ನಡೆದಿದೆ. ಆ ಕ್ಯಾನ್ಸರ್ ಹೊಟ್ಟೆಯ ದ್ರವದಲ್ಲಿ ಇಂಥ ಉಂಡೆಗಳಾಗಿಯೇ ತೇಲಿ ಹರಡುತ್ತೆ.

ಚಿಕಿತ್ಸೆ ಆರಿಸಲು ಇದಿನ್ನೂ ಮಾಮೂಲಿ ಟೆಸ್ಟ್ ಆಗಿಲ್ಲ. ಯಾರಾದರೂ ‘ಮಾಡಿಕೊಡ್ತೀವಿ’ ಅಂತ ದುಡ್ಡು ಕೇಳಿದರೆ, ಮೊದಲು ನಿಮ್ಮ ಕ್ಯಾನ್ಸರ್ ತಜ್ಞರನ್ನು ವಿಚಾರಿಸಿ. ದೇಶದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳ ಪಟ್ಟಿ ಸಿಟಿಆರ್‌ಐ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತೆ, ಫೋನಿನಲ್ಲೇ ಹುಡುಕಬಹುದು.