ಎರೆಭೂಮಿಯಲ್ಲಿ ಅರಿಶಿಣ: ನೀರು ಬಂದರಷ್ಟೇ ಸಾಲದು

ಮಕರ ಸಂಕ್ರಾಂತಿಯ ದಿನ ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಕಲ್ಲು, ಮೆಟ್ಟಿಲು, ಪಲ್ಲಕ್ಕಿ, ಜನರ ತಲೆ ಎಲ್ಲವೂ ಒಂದೇ ಬಣ್ಣ. ಮೈಲಾರಲಿಂಗೇಶ್ವರನ ಜಾತ್ರೆಗೆ ಕರ್ನಾಟಕದಿಂದಷ್ಟೇ ಅಲ್ಲ, ತೆಲಂಗಾಣ, ಆಂಧ್ರ, ಮಹಾರಾಷ್ಟ್ರದಿಂದಲೂ ಬರುವ ಭಕ್ತರು ಮುಷ್ಟಿಗಟ್ಟಲೆ ಭಂಡಾರ ಎರಚುತ್ತಾರೆ. ಭಂಡಾರವೆಂದರೆ ಅರಿಶಿಣದ ಪುಡಿ. ಆದರೆ ಜಾತ್ರೆ ಮುಗಿಸಿ ಶಹಾಪುರ, ಸುರಪುರದ ದಾರಿ ಹಿಡಿದರೆ ಎರಡೂ ಬದಿಗೆ ಕಾಣುವುದು ಹತ್ತಿ, ತೊಗರಿ, ಭತ್ತ, ಮೆಣಸಿನಕಾಯಿ, ಶೇಂಗಾ. ಅರಿಶಿಣದ ಹೊಲ ಕಂಡರೆ ಅಪರೂಪ.

ಉತ್ತರಕ್ಕೆ ಕಲಬುರಗಿ, ಬೀದರ್‌ನಲ್ಲಿ ಅರಿಶಿಣ ಬೆಳೆಯುತ್ತಾರೆ. ಪಶ್ಚಿಮಕ್ಕೆ ಬಾಗಲಕೋಟೆ, ಬೆಳಗಾವಿಯಲ್ಲಿ ಬೆಳೆಯುತ್ತಾರೆ. ರಾಜ್ಯದ ದಕ್ಷಿಣದ ತುದಿಯ ಚಾಮರಾಜನಗರಕ್ಕಂತೂ ಅದು ಹೆಸರು ತಂದ ಬೆಳೆ. ನಡುವೆ ನಮ್ಮಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯವಿದೆ. ಅದರ ಎಡದಂಡೆ ಕಾಲುವೆಯ ಹುಣಸಗಿ, ಶಹಾಪುರ, ಮುಡಬಾಳ ಶಾಖೆಗಳು ಹೊಲಗಳ ನಡುವೆ ಹರಿಯುತ್ತವೆ. ಬೆಲೆ ಏರಿದ ವರ್ಷ ಕಟ್ಟೆಯ ಮೇಲೆ ಕೂತವರು ಕೇಳುವುದು ಒಂದೇ: 'ಕೆನಾಲ್ ನೀರ ಅದ, ಅರಿಶಿಣ ಯಾಕ ಹಾಕಬಾರದು?'

ಪ್ರಶ್ನೆ ಸರಿಯಾದದ್ದೇ. ಉತ್ತರ ಮಾತ್ರ ಕೆನಾಲಿನಲ್ಲಿಲ್ಲ, ಗಡ್ಡೆಯ ಸುತ್ತಲಿನ ಮಣ್ಣಿನಲ್ಲಿದೆ.

ಗಡ್ಡೆಯೇ ಬೀಜ

ಅರಿಶಿಣ ಶುಂಠಿಯ ಕುಟುಂಬದ ಗಿಡ. ಸಸ್ಯವಿಜ್ಞಾನಿಗಳು ಕರೆಯುವುದು ಕರ್ಕುಮಾ ಲಾಂಗಾ ಎಂದು. ನೆಲದ ಮೇಲೆ ಕಾಂಡದಂತೆ ಕಾಣುವುದು ಕಾಂಡವಲ್ಲ, ಒಂದರೊಳಗೊಂದು ಸುತ್ತಿಕೊಂಡ ಎಲೆಗಳ ಬುಡ. ನಿಜವಾದ ಕಾಂಡ ಮಣ್ಣಿನೊಳಗಿದೆ, ಅದೇ ಗಡ್ಡೆ. ನಡುವೆ ದುಂಡಗಿನ ತಾಯಿಗಡ್ಡೆ, ಅದರ ಸುತ್ತ ಬೆರಳಿನಂತೆ ಒಡೆದು ಬೆಳೆಯುವ ಕೊಂಬುಗಳು.

ಜೀವಕೋಶದೊಳಗೆ ವರ್ಣತಂತುಗಳು ಸಾಮಾನ್ಯವಾಗಿ ಜೋಡಿಯಲ್ಲಿರುತ್ತವೆ. ನಾವು ಬೆಳೆಯುವ ಅರಿಶಿಣದಲ್ಲಿ ಸಾಧಾರಣವಾಗಿ ಮೂರು ಪ್ರತಿ ಇರುತ್ತವೆ: 21ರ ಮೂರು ಪಟ್ಟು, ಒಟ್ಟು 63. ಮೂರನ್ನು ಎರಡು ಸಮಪಾಲು ಮಾಡಲಾಗದ್ದರಿಂದ ಗಿಡ ಚೆಂದದ ಹೂ ಬಿಟ್ಟರೂ ಬೀಜ ಕಟ್ಟುವುದು ಕಡಿಮೆ. ಹಾಗೆ ಅಪರೂಪಕ್ಕೆ ಕಟ್ಟಿದ ಬೀಜಗಳಿಂದ ಬಂದ ಸಸಿಗಳನ್ನೇ ಆರಿಸಿ ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ 'ಪ್ರಭಾ', 'ಪ್ರತಿಭಾ' ತಳಿಗಳನ್ನು ರೂಪಿಸಿತು. ಉಳಿದಂತೆ ಅರಿಶಿಣದ ವಂಶ ನಡೆಯುವುದು ಗಡ್ಡೆಯಿಂದ ಗಡ್ಡೆಗೆ.

ರೈತನಿಗೆ ಇದರಿಂದ ಎರಡು ಪರಿಣಾಮ. ಎಕರೆಗೆ 8ರಿಂದ 10 ಕ್ವಿಂಟಲ್ ಬಿತ್ತನೆ ಗಡ್ಡೆ ಬೇಕು, ಹಾಗಾಗಿ ಖರ್ಚಿನ ದೊಡ್ಡ ಪಾಲು ಮೊದಲ ದಿನವೇ ಮಣ್ಣಿಗೆ ಹೋಗುತ್ತದೆ. ಎರಡನೆಯದಾಗಿ, ಗಡ್ಡೆಯ ಜೊತೆ ಅದರ ರೋಗವೂ ಬರುತ್ತದೆ. ಬೇರೆ ಜಿಲ್ಲೆಯಿಂದ ಲಾರಿಯಲ್ಲಿ ಬಂದ ಬಿತ್ತನೆಯಲ್ಲಿ ಕೊಳೆ ಇದ್ದರೆ ನಮ್ಮ ಹೊಲಕ್ಕೂ ಅದೇ ಕೊಳೆ.

ಮಣ್ಣಿನೊಳಗೆ ಗಾಳಿ ಬೇಕು

ಗಡ್ಡೆ ಸತ್ತ ವಸ್ತುವಲ್ಲ, ಹಗಲಿರುಳು ಉಸಿರಾಡುತ್ತದೆ. ಎಲೆ ತಯಾರಿಸಿ ಕಳಿಸಿದ ಸಕ್ಕರೆಯನ್ನು ಪಿಷ್ಟವಾಗಿ ಕೂಡಿಡುವ ಕೆಲಸಕ್ಕೆ ಆಮ್ಲಜನಕ ಬೇಕು. ಅದು ಮಣ್ಣಿನ ಕಣಗಳ ನಡುವಿನ ಸಂದುಗಳಿಂದ ಬರುತ್ತದೆ. ಸಂದಿನಲ್ಲಿ ಗಾಳಿಯ ಜಾಗಕ್ಕೆ ನೀರು ಕೂತರೆ ಆಮ್ಲಜನಕ ಸಾಗುವ ವೇಗ ಸುಮಾರು ಹತ್ತು ಸಾವಿರ ಪಟ್ಟು ತಗ್ಗುತ್ತದೆ.

ನಮ್ಮ ಎರೆಭೂಮಿಯ ಕಷ್ಟ ಇಲ್ಲೇ ಇರುವುದು. ಎರೆಮಣ್ಣಿನ ಜಿಗುಟಿಗೆ ಕಾರಣವಾದ ಖನಿಜ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಅದೇ ಹೊಲ ಮಳೆಗಾಲದಲ್ಲಿ ಸಂದುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಬೇರು ಆಳಕ್ಕೆ ಬಿಟ್ಟು, ಹಿಡಿದಿಟ್ಟ ತೇವದಲ್ಲೇ ಬದುಕುವ ತೊಗರಿಗೆ, ಹತ್ತಿಗೆ ಆ ಗುಣ ವರ. ಗೇಣುದ್ದದ ಮೇಲ್ಮಣ್ಣಿನಲ್ಲೇ ಗಡ್ಡೆ ಕಟ್ಟಬೇಕಾದ ಅರಿಶಿಣಕ್ಕೆ ಉಸಿರುಕಟ್ಟುತ್ತದೆ.

ಉಸಿರುಕಟ್ಟಿದ ಗಡ್ಡೆಯನ್ನು ಹುಡುಕಿ ಬರುವುದು ಪೈಥಿಯಂ. ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ ಇದು. ಇದರ ಬೀಜಾಣುಗಳಿಗೆ ಬಾಲವಿದ್ದು, ಮಣ್ಣಿನ ನೀರಿನಲ್ಲಿ ಈಜಿ ಬೇರು ತಲುಪುತ್ತವೆ. ಮೊದಲು ಎಲೆಯ ಅಂಚು ಒಣಗುತ್ತದೆ, ಆಮೇಲೆ ಗಿಡದ ಬುಡ ಮೆತ್ತಗಾಗುತ್ತದೆ, ಕಿತ್ತು ನೋಡಿದರೆ ಗಡ್ಡೆ ಕೊಳೆತು ನಾರುತ್ತದೆ. ಗಡ್ಡೆ ಕೊಳೆ ರೋಗಕ್ಕೆ ಔಷಧಿ ಸುರಿಯಬಹುದು. ಆದರೆ ನಿಂತ ನೀರು ಇಳಿಯದಿದ್ದರೆ ಔಷಧಿಯ ದುಡ್ಡೂ ಅದರ ಹಿಂದೆಯೇ ಹೋಗುತ್ತದೆ.

ಪಕ್ಕದ ಹೊಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೇಲಿನ ಹೊಲದವರು ಭತ್ತಕ್ಕೆ ನೀರು ನಿಲ್ಲಿಸಿದ್ದರೆ ಅದು ಬಸಿದು ಕೆಳಗಿನ ಹೊಲಕ್ಕೆ ಇಳಿಯುತ್ತದೆ. ನೀವು ಒಂದು ಹನಿ ಬಿಡದಿದ್ದರೂ ನಿಮ್ಮ ಗಡ್ಡೆ ತೊಯ್ದಿರುತ್ತದೆ. ವರ್ಷಗಟ್ಟಲೆ ಕೆಸರುಗದ್ದೆ ಮಾಡಿದ ಹೊಲದಲ್ಲಿ ಉಳುಮೆಯ ಆಳದ ಕೆಳಗೆ ಗಟ್ಟಿ ಪದರ ಕೂತು, ನೀರು ಕೆಳಗಿಳಿಯುವ ದಾರಿಯೇ ಮುಚ್ಚಿರುತ್ತದೆ. ಕಾಲುವೆ ಪ್ರದೇಶದ ಸವಳು-ಜವಳು ಭೂಮಿಯ ಕಥೆಯೂ ಹೀಗೆಯೇ ಶುರುವಾಗುತ್ತದೆ. ಸುಣ್ಣದ ಅಂಶ ಹೆಚ್ಚಿದ ಮಣ್ಣಾದರೆ ಇನ್ನೊಂದು ತೊಡಕು: ಕಬ್ಬಿಣ ಮಣ್ಣಿನಲ್ಲಿದ್ದರೂ ಗಿಡಕ್ಕೆ ದಕ್ಕುವುದಿಲ್ಲ, ಎಳೆ ಎಲೆ ಬಿಳಚಿಕೊಳ್ಳುತ್ತದೆ.

ಹಾಗೆಂದು ಜಿಲ್ಲೆಯಲ್ಲಿ ಜಾಗವೇ ಇಲ್ಲವೆಂದಲ್ಲ. ಗುಡ್ಡದ ಬುಡದ ಇಳಿಜಾರಿನಲ್ಲಿ ಮರಳು ಬೆರೆತ ಕೆಂಪು ಮಸಾರಿ ಸಿಗುತ್ತದೆ. ಅಂಥಲ್ಲಿ ಏರು ಮಡಿ ಮಾಡಿ, ಹನಿ ನೀರಾವರಿಯಿಂದ ಬೇಕಾದಷ್ಟೇ ನೀರು ಕೊಟ್ಟರೆ ಗಡ್ಡೆಗೆ ತೇವವೂ ಸಿಗುತ್ತದೆ, ಗಾಳಿಯೂ ಸಿಗುತ್ತದೆ.

ಕೆನಾಲಿನ ತಿಂಗಳು, ಗಡ್ಡೆಯ ತಿಂಗಳು

ಅರಿಶಿಣ ಎಂಟು-ಒಂಬತ್ತು ತಿಂಗಳ ಬೆಳೆ. ಮೇ-ಜೂನ್‌ನಲ್ಲಿ ನಾಟಿ, ಎಲೆ ಒಣಗಿ ಮಲಗಿದ ಮೇಲೆ ಜನವರಿಯಿಂದ ಮಾರ್ಚ್‌ವರೆಗೆ ಕಟಾವು. ಕಾಲುವೆಗೆ ನೀರು ಯಾವಾಗ ಬಿಡಬೇಕೆಂದು ಜಲಾಶಯದ ಮಟ್ಟ ನೋಡಿ ನೀರಾವರಿ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಮುಂಗಾರಿಗೆ ನೀರು ಬರುವುದು ಸಾಮಾನ್ಯವಾಗಿ ಜುಲೈ ಸುಮಾರಿಗೆ, ಹಿಂಗಾರಿಗೆ ಹರಿಯುವುದು ಬಿಟ್ಟು ಬಿಟ್ಟು. ನಾಟಿಯ ತಿಂಗಳಲ್ಲಿ ಕೆನಾಲ್ ಒಣಗಿರುತ್ತದೆ, ಬಿಸಿಲು 40 ಡಿಗ್ರಿ ದಾಟಿರುತ್ತದೆ. ಆಗ ಸ್ವಂತ ಬಾವಿಯೋ ಬೋರ್‌ವೆಲ್ಲೋ ಇದ್ದವರಿಗೆ ಮಾತ್ರ ಧೈರ್ಯ. ಎಳೆ ಗಿಡದ ನೆರಳಿಗಾಗಿ ಸಾಲಿನ ನಡುವೆ ಔಡಲವನ್ನೋ ಗೋವಿನಜೋಳವನ್ನೋ ಹಾಕುವ ರೂಢಿ ಅರಿಶಿಣದ ಸೀಮೆಗಳಲ್ಲಿದೆ.

ಗಡ್ಡೆ ದಪ್ಪವಾಗುವ ಹೊತ್ತು ಸೆಪ್ಟೆಂಬರ್‌ನಿಂದ ಶುರು. ನಮ್ಮ ಭಾಗಕ್ಕೆ ಜೋರು ಮಳೆ ಬೀಳುವುದೂ ಸೆಪ್ಟೆಂಬರ್‌ನಲ್ಲೇ, ಕಾಲುವೆ ತುಂಬಿ ಹರಿಯುವುದೂ ಆಗಲೇ. ಬೇಕಾದಾಗ ಸಿಗದ ನೀರು ಬೇಡವಾದಾಗ ಮೂರು ಕಡೆಯಿಂದ ಬರುತ್ತದೆ: ಆಕಾಶದಿಂದ, ಕಾಲುವೆಯಿಂದ, ಪಕ್ಕದ ಗದ್ದೆಯಿಂದ. ಈ ಹೊಂದಾಣಿಕೆ ಸುಲಭವಾಗಲೆಂದೇ ಅಲ್ಪಾವಧಿ ತಳಿಗಳತ್ತ ನೋಡಬೇಕು. ಕೋಯಿಕ್ಕೋಡ್ ಸಂಸ್ಥೆಯ 'ಪ್ರಗತಿ' ಸುಮಾರು 180 ದಿನಕ್ಕೆ ಬರುತ್ತದೆ. ಮಳೆ ಹಿಡಿದ ಮೇಲೆ ನಾಟಿ ಮಾಡಿದರೂ ನೀರಿನ ಅವಧಿಯೊಳಗೆ ಮುಗಿಯುವ ಬೆಳೆ ಅದು.

ಕಟಾವಿನ ನಂತರದ ಅರ್ಧ ಕೆಲಸ

ಹತ್ತಿ ಬಿಡಿಸಿದರೆ ಅಂಡಿಗೆ ತುಂಬಿ ಮಾರುಕಟ್ಟೆಗೆ ಒಯ್ಯಬಹುದು. ಅರಿಶಿಣ ಹಾಗಲ್ಲ. ಕಿತ್ತ ಎರಡು-ಮೂರು ದಿನದೊಳಗೆ ಬೇಯಿಸಬೇಕು. ಬಿಸಿಗೆ ಗಡ್ಡೆಯ ಪಿಷ್ಟ ಅಂಟಾಗಿ ಮೆತ್ತಗಾಗುತ್ತದೆ, ಕೋಶಗಳು ಒಡೆದು ಬಣ್ಣ ಒಳಗೆಲ್ಲ ಸಮನಾಗಿ ಹರಡುತ್ತದೆ, ಹಸಿ ವಾಸನೆ ಹೋಗುತ್ತದೆ, ಮೊಳಕೆಯ ಕಣ್ಣು ಸಾಯುತ್ತದೆ. ಬೆಂದ ಗಡ್ಡೆ ಬೇಗ ಒಣಗುತ್ತದೆ. ಕಡಾಯಿಯಲ್ಲಿ ನೊರೆ ಎದ್ದು, ಹಬೆಯೊಂದಿಗೆ ಘಮ ಬಂದಾಗ ಕಡ್ಡಿ ಚುಚ್ಚಿ ನೋಡುತ್ತಾರೆ. ಸುಲಭವಾಗಿ ಇಳಿದರೆ ಹದ. ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆಯಾದರೆ ಒಣಗಿದಾಗ ಪುಡಿಪುಡಿಯಾಗುತ್ತದೆ. ಈಗ ಹಬೆಯ ಬಾಯ್ಲರ್‌ಗಳು ಬಂದು ನೀರು, ಸೌದೆ ಎರಡೂ ಉಳಿಯುತ್ತಿವೆ.

ಆಮೇಲೆ 10-15 ದಿನ ಬಿಸಿಲು. ಮುರಿದರೆ ಲೋಹದಂತೆ ಟಣ್ ಎನ್ನಬೇಕು. ತಿರುಗುವ ಡ್ರಮ್ಮಿನಲ್ಲಿ ಹಾಕಿ ಸಿಪ್ಪೆ ಉಜ್ಜಿ ಪಾಲಿಶ್ ಮಾಡಬೇಕು. ಇಷ್ಟೆಲ್ಲ ಆದ ಮೇಲೆ ಐದು ಕ್ವಿಂಟಲ್ ಹಸಿ ಗಡ್ಡೆಗೆ ಉಳಿಯುವುದು ಸುಮಾರು ಒಂದು ಕ್ವಿಂಟಲ್ ಕೊಂಬು. ಒಣಗಿಸಲು ಬೇಕಾದ ಬಿಸಿಲು ಯಾದಗಿರಿಯಲ್ಲಿ ಧಾರಾಳವಾಗಿದೆ. ಬಾಯ್ಲರ್ ಮತ್ತು ಪಾಲಿಶ್ ಯಂತ್ರಗಳನ್ನು ಒಬ್ಬೊಬ್ಬರೇ ಕೊಳ್ಳುವುದು ಕಷ್ಟ. ಊರಿನ ಹತ್ತು ಮಂದಿ ಒಟ್ಟಾಗಿ ಬೆಳೆದರೆ ಅವು ದಕ್ಕುತ್ತವೆ.

ಹಳದಿಯ ಬೆಲೆ

ಕೊಳ್ಳುವವರು ಕೇಳುವುದು ಕರ್ಕ್ಯುಮಿನ್ ಎಷ್ಟಿದೆ ಎಂದು. 1815ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿಗಳು ಬೇರ್ಪಡಿಸಿದ ಹಳದಿ ವಸ್ತು ಅದು. 1910ರಲ್ಲಿ ಅದರ ರಚನೆ ಗೊತ್ತಾಯಿತು. ಒಣ ಅರಿಶಿಣದಲ್ಲಿ ತಳಿ ಮತ್ತು ಮಣ್ಣನ್ನು ಅನುಸರಿಸಿ ಶೇ 3ರಿಂದ 6ರಷ್ಟು ಇರುತ್ತದೆ. ಕ್ಷಾರ ತಾಗಿದರೆ ಇದು ಕೆಂಪಾಗುತ್ತದೆ. ಅರಿಶಿಣ, ಸುಣ್ಣ ಕಲಸಿ ಓಕುಳಿ ಮಾಡುವಾಗ, ಅಸಲಿ ಕುಂಕುಮ ತಯಾರಿಸುವಾಗ ನಡೆಯುವುದು ಇದೇ ರಸಾಯನ ಕ್ರಿಯೆ. ಬಿಸಿಲಿಗೆ ಕರ್ಕ್ಯುಮಿನ್ ಒಡೆದುಹೋಗುತ್ತದೆ. ಸೀರೆಯ ಮೇಲಿನ ಅರಿಶಿಣದ ಕಲೆ ಬಿಸಿಲಿಗೆ ಮಾಯವಾಗುವುದೂ, ಪುಡಿಯನ್ನು ಕತ್ತಲಲ್ಲಿ ಇಡಬೇಕೆನ್ನುವುದೂ ಅದಕ್ಕೇ.

ಔಷಧದ ಮಾತಿಗೆ ಬಂದರೆ ಎಚ್ಚರ ಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದು ಅತ್ಯಲ್ಪ. ಜೊತೆಗೆ ಕಾಳುಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ದೇಹಕ್ಕೆ ದಕ್ಕುವ ಪ್ರಮಾಣ ಶೇ 2,000ರಷ್ಟು ಏರಿತು. ಹಾಲಿಗೆ ಹಾಕುವ 3 ಗ್ರಾಂ ಅರಿಶಿಣದಲ್ಲಿ ಕರ್ಕ್ಯುಮಿನ್ ಇರುವುದು ನೂರು ಮಿಲಿಗ್ರಾಂ ಆಸುಪಾಸು. ಅರಿಶಿಣದ ಹಾಲು ಗಂಟಲಿಗೆ ಹಿತ, ಆದರೆ ಅದು ಕಾಯಿಲೆ ಗುಣಪಡಿಸುವ ಮದ್ದೆಂದು ಹೇಳಲು ಪುರಾವೆ ಸಾಲದು. ಗಾಯ ಮಾಯಿಸುವ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಾಗ ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅಲ್ಲಿ ಗೆದ್ದದ್ದು 'ಇದು ಹೊಸ ಸಂಶೋಧನೆಯಲ್ಲ' ಎಂಬ ವಾದ.

ಬಣ್ಣಕ್ಕೆ ಬೆಲೆ ಇರುವ ಕಡೆ ಕಲಬೆರಕೆಯೂ ಇರುತ್ತದೆ. ಅಪಾಯಕಾರಿಯಾದದ್ದು ಸೀಸದ ಕ್ರೋಮೇಟ್. ಬಾಂಗ್ಲಾದೇಶದಲ್ಲಿ ಮಂಕಾದ ಕೊಂಬುಗಳಿಗೆ ಪಾಲಿಶ್ ಮಾಡುವಾಗಲೇ ಅದನ್ನು ಮೆತ್ತುತ್ತಿದ್ದುದು 2019ರಲ್ಲಿ ಬಯಲಾಯಿತು. ತಪಾಸಣೆ, ದಂಡ, ಪ್ರಚಾರದಿಂದ ಎರಡೇ ವರ್ಷದಲ್ಲಿ ಅಲ್ಲಿನ ಪೇಟೆಯಿಂದ ಅದು ಬಹುತೇಕ ಹೋಯಿತು. ಸೀಸ ಮಕ್ಕಳ ಮಿದುಳಿಗೆ ಮಾಡಿದ ಹಾನಿ ಮರಳಿ ಸರಿಯಾಗುವುದಿಲ್ಲ. ಕಣ್ಣು ಕುಕ್ಕುವ ಹಳದಿ ಕಂಡಾಗ ಅನುಮಾನಿಸುವುದು ಒಳ್ಳೆಯದು. ಕೊಂಬನ್ನು ನೀರಿನಲ್ಲಿ ಉಜ್ಜಿದಾಗ ಮೇಲಿನ ಬಣ್ಣವೇ ಕಳಚಿ ಬಂದರೆ ಅದನ್ನು ಅಡುಗೆಗೂ ಬಳಸಬಾರದು, ಜಾತ್ರೆಯಲ್ಲಿ ಎರಚಲೂ ಬಾರದು. ಗಾಳಿಗೆ ಹಾರಿದ ಪುಡಿ ಮೂಗಿಗೇ ಹೋಗುತ್ತದೆ.

ಸವಾಲಿನ ಕಟ್ಟೆ

ಜಗತ್ತಿನ ಅರಿಶಿಣದ ಶೇ 70ಕ್ಕೂ ಹೆಚ್ಚು ಪಾಲು ಬೆಳೆಯುವುದು ಭಾರತ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ 2022-23ರಲ್ಲಿ 3.24 ಲಕ್ಷ ಹೆಕ್ಟೇರ್‌ನಲ್ಲಿ 11.61 ಲಕ್ಷ ಟನ್. ವ್ಯಾಪಾರ ನಡೆಯುವುದು ಮಾತ್ರ ಕೆಲವೇ ಊರುಗಳಲ್ಲಿ: ಸಾಂಗ್ಲಿ, ಈರೋಡ್, ನಿಜಾಮಾಬಾದ್. ಬೆಳಗಾವಿ, ಬಾಗಲಕೋಟೆಯ ಮಾಲು ಸಾಂಗ್ಲಿಗೆ, ಚಾಮರಾಜನಗರದ್ದು ಈರೋಡಿಗೆ ಹೋಗುವುದು ರೂಢಿ. ಯಾದಗಿರಿಯ ರೈತನಿಗೆ ಈ ಮೂರೂ ದೂರ. ಹತ್ತಿ, ತೊಗರಿಗೆ ಇರುವಂತೆ ಕನಿಷ್ಠ ಬೆಂಬಲ ಬೆಲೆ ಅರಿಶಿಣಕ್ಕಿಲ್ಲ. 2010ರಲ್ಲಿ ಕ್ವಿಂಟಲ್‌ಗೆ 15,000 ರೂಪಾಯಿ ದಾಟಿದ್ದ ದರ ಎರಡು ವರ್ಷದಲ್ಲಿ 5,000ಕ್ಕಿಂತ ಕೆಳಗಿಳಿದಿತ್ತು. ಏರಿದ ಬೆಲೆ ನೋಡಿ ನಾಟಿ ಮಾಡಿದವರ ಮಾಲು ಒಂಬತ್ತು ತಿಂಗಳ ಬಳಿಕ ಒಟ್ಟಿಗೇ ಕಟ್ಟೆಗೆ ಬಂದಾಗ ಆಗುವುದೇ ಇದು. 2025ರ ಜನವರಿಯಲ್ಲಿ ನಿಜಾಮಾಬಾದ್‌ನಲ್ಲಿ ರಾಷ್ಟ್ರೀಯ ಅರಿಶಿಣ ಮಂಡಳಿ ಶುರುವಾಗಿದೆ. ಮಾರುಕಟ್ಟೆ, ಸಂಸ್ಕರಣೆ, ರಫ್ತಿನ ಕೆಲಸ ಅದರ ಪಾಲಿಗಿದೆ.

ಚೆನ್ನಾಗಿ ಒಣಗಿದ ಕೊಂಬು ಬೇಗ ಕೆಡುವುದಿಲ್ಲ, ಬೆಲೆ ಬಿದ್ದರೆ ಕಾಯಬಹುದು. ಕಾಯುವ ಶಕ್ತಿ ಇರಬೇಕೆಂದರೆ ಹೊಲವನ್ನೆಲ್ಲ ಅರಿಶಿಣಕ್ಕೆ ಕೊಟ್ಟು ಸಾಲ ಮಾಡಿರಬಾರದು, ಅಷ್ಟೇ.

ಆದ್ದರಿಂದ ಬಿತ್ತನೆ ಗಡ್ಡೆಗೆ ಮುಂಗಡ ಕೊಡುವ ಮೊದಲು ಗುದ್ದಲಿ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಹೊಲದ ತಗ್ಗಿನ ಕಡೆ ಮೊಣಕಾಲುದ್ದ ಗುಂಡಿ ತೋಡಿ, ಸಂಜೆ ನೀರು ತುಂಬಿಸಿ, ಬೆಳಿಗ್ಗೆ ಹೋಗಿ ನೋಡಿ. ನೀರು ಹಾಗೆಯೇ ನಿಂತಿದ್ದರೆ ಆ ಹೊಲ ಹತ್ತಿಗೆ, ತೊಗರಿಗೆ ಇರಲಿ. ಇಂಗಿದ್ದರೆ ಮಣ್ಣಿನ ಮಾದರಿ ತೆಗೆದು, ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲೋ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ. ಮೊದಲ ವರ್ಷ ಐದು ಗುಂಟೆ ಸಾಕು. ಅದಕ್ಕೆ ಬೇಕಾಗುವುದು ಒಂದೂಕಾಲು ಕ್ವಿಂಟಲ್ ಗಡ್ಡೆ. ಕೊಳೆಯಿಲ್ಲದೆ ಬಂದರೆ ಮುಂದಿನ ವರ್ಷದ ಬಿತ್ತನೆ ನಿಮ್ಮ ಹೊಲದಲ್ಲೇ ಸಿಗುತ್ತದೆ, ಹೊರಗಿನ ರೋಗ ಕೊಂಡು ತರುವ ಅಗತ್ಯವೂ ಇರುವುದಿಲ್ಲ.